ದೇವೀರತ್ತೆಯ ಬಿಳಿ ಕ್ರೀಮು

ನಮ್ಮ ಶಾಲೆಯ ಗೇಟಿನಿಂದ ಬಸ್ಸು ನಿಲ್ಲುವ ಹುಣಸೆಮರಕ್ಕೆ ಎಣಿಸಿದರೆ ನಲವತ್ತು ಹೆಜ್ಜೆ. ಅದರಲ್ಲಿ ಹದಿನೈದು ಹೆಜ್ಜೆ ಮರದ ನೆರಳಿನಲ್ಲೇ ಕಳೆಯುತ್ತವೆ. ಉಳಿದ ಇಪ್ಪತ್ತೈದು ಹೆಜ್ಜೆಯ ಬಿಸಿಲನ್ನು ಎದುರಿಸುವುದಕ್ಕೆ ಮಿನರಲ್ ಸನ್‌ಸ್ಕ್ರೀನ್ ಒಳ್ಳೆಯದೋ ಕೆಮಿಕಲ್ ಸನ್‌ಸ್ಕ್ರೀನ್ ಒಳ್ಳೆಯದೋ ಎಂದು ಕಳೆದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಪೀರಿಯಡ್ ಚರ್ಚೆ ನಡೆಯಿತು. ಆ ಹೊತ್ತಿನಲ್ಲಿ ಎರಡು ತರಗತಿಯ ಮಕ್ಕಳು ಹೇಳುವವರು ಕೇಳುವವರು ಇಲ್ಲದೆ ಬಯಲಿನಲ್ಲಿ ಕುಣಿಯುತ್ತಿದ್ದವು. ಅವುಗಳ ಚರ್ಮದ ಬಗ್ಗೆ ಯಾರಿಗೂ ಚಿಂತೆ ಇದ್ದಂತೆ ಕಾಣಲಿಲ್ಲ.

ಚರ್ಚೆ ಎತ್ತಿದವರು ಸಹನಾ ಮೇಡಂ. ಹೋದ ವರ್ಷ ಚಾಮರಾಜನಗರಕ್ಕೆ ವರ್ಗವಾಗಿ ಬಂದವರು. ಈ ಊರಿನ ಬಿಸಿಲು ತಮ್ಮ ಮೇಲೆ ಯಾವುದೋ ಹಳೆಯ ಹಗೆ ಸಾಧಿಸುತ್ತಿದೆ ಎಂದು ನಂಬಿರುವವರು. ಹಾಜರಿ ಪುಸ್ತಕಗಳನ್ನು ಪಕ್ಕಕ್ಕೆ ತಳ್ಳಿ ಮೇಜಿನ ಮೇಲೆ ಎರಡು ಟ್ಯೂಬು ನಿಲ್ಲಿಸಿ, ಪ್ರಯೋಗ ಪಾಠ ಮಾಡುವವರಂತೆ ಬೆರಳು ತೋರಿಸಿ ಹೇಳಿದರು. “ನೋಡಿ, ಇದು ಮಿನರಲ್ಲು. ಸತುವಿನ ಪುಡಿ ಇರುತ್ತೆ. ಚರ್ಮದ ಮೇಲೇ ನಿಂತು ಬಿಸಿಲು ತಡೆಯುತ್ತೆ. ಆದ್ರೆ ಮುಖವೆಲ್ಲ ಬಿಳಿ ಬಿಳಿ ಕಾಣುತ್ತೆ. ಇದು ಕೆಮಿಕಲ್ಲು. ಚರ್ಮದೊಳಗೆ ಇಳಿದು ಬಿಸಿಲನ್ನ ಹೀರ್ಕೊಳ್ಳುತ್ತೆ. ಹಚ್ಚಿದ್ದೇ ಗೊತ್ತಾಗಲ್ಲ. ಕೆಲವರಿಗೆ ಮಾತ್ರ ಉರಿ ಬರುತ್ತೆ.”

ಗಣಿತದ ಮೇಷ್ಟರು ಎರಡನ್ನೂ ಮೂಸಿ ನೋಡಿ, ಎರಡನೆಯದು ಚೆನ್ನಾಗಿದೆ ಎಂದು ತೀರ್ಪು ಕೊಟ್ಟರು. ಅವರು ತಲೆಗೆ ಹರಳೆಣ್ಣೆ ಹಾಕುವವರು, ಮೂಗಿನ ವಿಷಯದಲ್ಲಿ ಅವರನ್ನು ನಂಬುವಂತಿಲ್ಲ. ಸಹನಾ ಮೇಡಂ ನನ್ನ ಕಡೆ ತಿರುಗಿ, “ನಿಮ್ಮ ಓಟು ಯಾವುದಕ್ಕೆ ಮೇಡಂ?” ಎಂದರು.

“ಛತ್ರಿಗೆ” ಎಂದೆ.

ಎಲ್ಲರೂ ನಕ್ಕರು. ನನ್ನ ಬಣ್ಣ ನೋಡಿದವರಿಗೆ ನಾನು ಈ ಪ್ರಶ್ನೆಗೆ ಸಂಬಂಧಪಟ್ಟವಳೇ ಅಲ್ಲ ಎಂದು ಅನ್ನಿಸುತ್ತದೆ. ಸಹನಾ ಮೇಡಂ ಕೂಡ ಮರ್ಯಾದೆಗೆ ಕೇಳಿದ್ದು ಅಷ್ಟೆ. ಆದರೆ ಆ ಸ್ಟಾಫ್ ರೂಮಿನಲ್ಲಿ ಈ ಎರಡು ಟ್ಯೂಬುಗಳ ಗುಣಾವಗುಣ ಬಲ್ಲವಳು ನಾನೊಬ್ಬಳೇ. ಎಂಟು ವರ್ಷದ ಹಿಂದೆಯೇ, ಟಿ.ಸಿ.ಎಚ್. ಓದುತ್ತಿದ್ದಾಗ, ಈ ಪರೀಕ್ಷೆಗೆ ನಾನು ಕೂತಿದ್ದೆ, ಫೇಲೂ ಆಗಿದ್ದೆ. ಅದನ್ನು ಆ ನಗುವಿನ ನಡುವೆ ಹೇಳುವುದು ಹೇಗೆ? ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಮೊದಲು ಬಣ್ಣದ ವಿಷಯ ಮುಗಿಸಿಬಿಡುತ್ತೇನೆ. ನಾನು ಕಪ್ಪು. ಮದುವೆ ದಲ್ಲಾಳಿಗಳು ಎಣ್ಣೆಗೆಂಪು, ಗೋಧಿಬಣ್ಣ, ಲಕ್ಷಣವಾದ ಮುಖ ಎಂದೆಲ್ಲ ಸುತ್ತಿ ಬಳಸಿ ಹೇಳುತ್ತಾರಲ್ಲ, ಆ ಯಾವ ಮಾತಿನ ಒಳಗೂ ಹಿಡಿಸದ ಕಪ್ಪು. ಇದು ನಮ್ಮ ಅಪ್ಪನ ಕಡೆಯಿಂದ ಬಂದ ಆಸ್ತಿ. ಅಪ್ಪನಿಗೆ ಅದರಿಂದ ಜೀವನದಲ್ಲಿ ಒಂದು ದಿನವೂ ತೊಂದರೆಯಾಗಲಿಲ್ಲ. ನಾನು ಹುಟ್ಟಿದ ದಿನ ಅವ್ವ ಮಗುವಿನ ಮುಖ ನೋಡಿ ಮಗ್ಗುಲು ಬದಲಿಸಿ ಮಲಗಿದಳಂತೆ. ಇದನ್ನು ಅವಳೇ ನಗುನಗುತ್ತಾ ಹೇಳುತ್ತಿದ್ದಳು.

ಅಲ್ಲಿಂದ ನನ್ನನ್ನು ಬೆಳ್ಳಗೆ ಮಾಡುವ ಕಾರ್ಯಕ್ರಮ ಶುರುವಾಯಿತು. ಗುಂಡ್ಲುಪೇಟೆಗೆ ಮೂರು ಮೈಲಿ ದೂರದ ಹಳ್ಳಿ ನಮ್ಮದು. ಮನೆಯಲ್ಲಿ ಅರಿಸಿನ ಬೆಳೆಯುತ್ತಿದ್ದರು, ಹಾಗಾಗಿ ಅರಿಸಿನಕ್ಕೆ ಬರವಿಲ್ಲ. ಶನಿವಾರ ಬಂತೆಂದರೆ ಕಡಲೆಹಿಟ್ಟು, ಅರಿಸಿನ, ಹಾಲಿನ ಕೆನೆ ಕಲಸಿ ನನ್ನನ್ನು ಬಚ್ಚಲಿನ ಕಲ್ಲಿನ ಮೇಲೆ ಕೂರಿಸಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಹಂಡೆಯ ಮಸಿಯನ್ನು ಅವಳು ಅಷ್ಟು ಶ್ರದ್ಧೆಯಿಂದ ಉಜ್ಜಿದ್ದು ನಾನು ಕಾಣೆ. ಮೊಣಕೈ ಸಿಪ್ಪೆ ಸುಲಿಯಿತೇ ಹೊರತು ಬಣ್ಣ ಕದಲಲಿಲ್ಲ. ಕೆನೆಯನ್ನು ಹೀಗೆ ಬಚ್ಚಲಿಗೆ ಸುರಿಯುವುದಕ್ಕಿಂತ ಬೆಣ್ಣೆ ಕಡೆದು ನನ್ನ ರೊಟ್ಟಿಗೆ ಹಾಕಿದ್ದರೆ ನಾನು ಕೊನೆಗೆ ದಪ್ಪಗಾದರೂ ಆಗುತ್ತಿದ್ದೆ.

ಅದೇ ಮನೆಯಲ್ಲಿ ನಮ್ಮ ದೇವೀರತ್ತೆ ಇದ್ದಳು. ಅಪ್ಪನ ತಂಗಿ, ನನಗೆ ಸೋದರತ್ತೆ. ಮದುವೆಯಾಗಿ ಎರಡು ವರ್ಷಕ್ಕೆ ಅವಳ ತುಟಿಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಕಾಣಿಸಿತು. ಆಮೇಲೆ ಕಣ್ಣಿನ ಸುತ್ತ, ಕೆನ್ನೆ, ಕತ್ತು, ಬೆರಳು. ಗಂಡನ ಮನೆಯವರು ಹಬ್ಬಕ್ಕೆ ಎಂದು ತವರಿಗೆ ಕಳಿಸಿದವರು ಕರೆದುಕೊಂಡು ಹೋಗಲು ಬರಲೇ ಇಲ್ಲ. ನಾನು ಕಂಡಂತೆ ಅವಳು ಯಾವ ಮದುವೆಗೂ ಹೋಗಲಿಲ್ಲ, ಯಾರ ಮನೆಯ ಆರತಿ ತಟ್ಟೆಯನ್ನೂ ಹಿಡಿಯಲಿಲ್ಲ. ತೊನ್ನು ಅಂಟುವ ರೋಗವಲ್ಲ ಎಂದು ನಾನು ಹೈಸ್ಕೂಲಿನಲ್ಲಿ ಓದಿಕೊಂಡು ಬಂದು ಹೇಳಿದಾಗ, ಅವ್ವ “ಪುಸ್ತಕ ಬರ್ದೋನು ನಿನ್ನ ಮದ್ವೆ ಮಾಡ್ಸನಾ?” ಎಂದು ಕೇಳಿದಳು. ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ನಮ್ಮ ಜನರ ಬುದ್ಧಿಯನ್ನು ನೋಡಿ. ಬಿಳುಪು ಬರಲಿ ಎಂದು ಒಬ್ಬಳನ್ನು ಬಚ್ಚಲಿನಲ್ಲಿ ಕೂರಿಸಿ ಉಜ್ಜುತ್ತಿದ್ದರು. ಬಿಳುಪು ಬಂತೆಂದು ಇನ್ನೊಬ್ಬಳನ್ನು ಮೂಲೆಗೆ ತಳ್ಳಿದ್ದರು. ಎರಡೂ ಒಂದೇ ಸೂರಿನ ಕೆಳಗೆ, ಒಂದೇ ಶನಿವಾರ ನಡೆಯುತ್ತಿತ್ತು. ನಾರು ಒದ್ದೆ ಮಾಡಿ ಅವ್ವನ ಕೈಗೆ ಕೊಡುತ್ತಿದ್ದವಳೂ ದೇವೀರತ್ತೆಯೇ.

ಅತ್ತೆಗೆ ತನ್ನ ಮುಖದ ಬಗ್ಗೆ ನಾಚಿಕೆಯಿದ್ದರೂ ಬಾಯಿ ಮಾತ್ರ ಜೋರು. ಮಳೆಗಾಲದಲ್ಲಿ ನಮ್ಮ ಕಡೆ ರಸ್ತೆಯ ಎರಡೂ ಬದಿಗೆ ಚೆಂಡುಹೂವು. ಬಣ್ಣ ತೆಗೆಯುವ ಕಾರ್ಖಾನೆಗೆ ಲಾರಿ ಲಾರಿ ಹೂವು ಹೋಗುತ್ತದೆ. ಹೂವು ಕೊಯ್ಯುವ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ಲು ಸುತ್ತಿ ಸಾಲಿಗೆ ಇಳಿಯುತ್ತಾರೆ. ಬಿಸಿಲಿಗೆ ಜಗತ್ತಿನಲ್ಲಿ ಅದಕ್ಕಿಂತ ಒಳ್ಳೆಯ ಕ್ರೀಮು ನಾನು ಕಂಡಿಲ್ಲ. ಅತ್ತೆ ತೊಡುತ್ತಿದ್ದದ್ದು ಅಪ್ಪನ ಅಂಗಿ. ಉಳಿದವರು ಬಿಸಿಲಿಗೆ ತೊಟ್ಟರೆ ಅವಳು ಬಿಸಿಲಿಗೂ ಜನರ ಕಣ್ಣಿಗೂ ಸೇರಿಸಿ ತೊಡುತ್ತಿದ್ದಳು.

ಓಣಂ ಹತ್ತಿರ ಬಂದಾಗ ಕೇರಳದ ಕಾರುಗಳು ಹೊಲದ ಬದಿಯಲ್ಲಿ ನಿಲ್ಲುತ್ತಿದ್ದವು. ಕಪ್ಪು ಕನ್ನಡಕ ಹಾಕಿದ ಹೆಂಗಸರು ಇಳಿದು, ಮುಖಕ್ಕೆ ಕ್ರೀಮು ಬಳಿದುಕೊಂಡು, ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬಾತ ಕ್ಯಾಮೆರಾ ಹಿಡಿದು ಅತ್ತೆಗೆ “ಚೇಚಿ, ಒನ್ನು ಮಾರಿ ನಿಕ್ಕಾಮೋ” ಎಂದು ಪಕ್ಕಕ್ಕೆ ಸರಿಯಲು ಕೈಸನ್ನೆ ಮಾಡಿದ. ಅತ್ತೆ ಸರಿದು ನಿಂತು, ಅವರ ಕಾರು ಹೊರಟ ಮೇಲೆ ನನಗೆ ಹೇಳಿದಳು. “ನಾ ಕುಯ್ದು ಮುಗ್ಸೋ ಒಳಗೆ ಫೋಟೊ ತೆಕ್ಕಳ್ಲಿ ಬುಡು. ನಾಳಿಕೆ ಬಂದ್ರೆ ಬರೀ ಕಡ್ಡಿ ಇರ್ತದೆ.”

ನಾನು ಟಿ.ಸಿ.ಎಚ್. ಓದುತ್ತಿದ್ದ ವರ್ಷ ಆಷಾಢದಲ್ಲಿ ಮಳೆ ಕೈಕೊಟ್ಟು ಬಿಸಿಲು ಚುರುಗುಟ್ಟಿತು. ಅತ್ತೆಯ ಕೆನ್ನೆಯ ಬಿಳಿ ಜಾಗಗಳು ಕೆಂಪಗೆ ಊದಿಕೊಂಡು ಸಿಪ್ಪೆ ಏಳತೊಡಗಿದವು. ಕಪ್ಪು ಉಳಿದಿದ್ದ ಕಡೆ ಏನೂ ಆಗಿರಲಿಲ್ಲ. ನಾನು ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಓದಲು ಹೋಗುತ್ತಿದ್ದವಳು. ಅಲ್ಲಿ ವಾರಕ್ಕೊಂದು ದಿನ ಚರ್ಮದ ಡಾಕ್ಟರು ಬರುತ್ತಾರೆಂದು ತಿಳಿದು ಅಪ್ಪ ಅತ್ತೆಯನ್ನು ನನ್ನ ಜೊತೆ ಕಳಿಸಿದ. ಬಸ್ಸಿನಲ್ಲಿ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಪಕ್ಕದ ಸೀಟಿನಲ್ಲಿ ನಾನಿದ್ದೆ. ನಾನು ಯಾರೋ ಅವಳು ಯಾರೋ ಎಂಬಂತೆ ಪುಸ್ತಕ ತೆರೆದುಕೊಂಡಿದ್ದೆ. ಇದನ್ನೂ ಹೇಳಿಬಿಡಬೇಕು.

ಡಾಕ್ಟರು ಒಳ್ಳೆಯ ಮನುಷ್ಯ. ಅತ್ತೆಯ ಗಲ್ಲವನ್ನು ಕೈಯಿಂದಲೇ ಮುಟ್ಟಿ, ಬೆಳಕಿಗೆ ತಿರುಗಿಸಿ ನೋಡಿದರು. ಯಾರೂ ಮುಟ್ಟದ ಮುಖವನ್ನು ಮುಟ್ಟಿದ್ದಕ್ಕೆ ಅತ್ತೆ ಕಣ್ಣು ಮುಚ್ಚಿಕೊಂಡಳು. ಅವರು ಮಾತನ್ನೆಲ್ಲ ನನಗೇ ಹೇಳಿದರು.

“ನೀವು ಓದ್ತಿರೋರು, ಸರಿಯಾಗಿ ಕೇಳಿಸ್ಕೊಳ್ಳಿ. ಈ ಬಿಳಿ ಜಾಗದಲ್ಲಿ ಬಿಸಿಲು ತಡೆಯೋ ಬಣ್ಣವೇ ಇಲ್ಲ. ಸತುವಿನ ಕ್ರೀಮು ಬರೆದಿದ್ದೀನಿ. ಹಚ್ಚಿದ್ರೆ ಬೆಳ್ಳಗೆ ಕಾಣುತ್ತೆ, ಕಾಣಲಿ ಬಿಡಿ. ದಪ್ಪಗೆ ಹಚ್ಚಿ. ಅಂಗಡೀಲಿ ಘಮ್ ಅನ್ನೋ ಬೇರೆ ಕ್ರೀಮು ಸಿಗುತ್ತೆ, ಕೆಮಿಕಲ್ ಇರೋದು. ಅದು ಮಾತ್ರ ಇವರಿಗೆ ಬೇಡ. ಈ ಚರ್ಮಕ್ಕೆ ಆಗಿಬರಲ್ಲ, ಬೆಂದ ಜಾಗ ಇನ್ನೂ ಬೇಯುತ್ತೆ.”

ನಾನು ತಲೆ ಆಡಿಸಿದೆ. ಅತ್ತೆ ಸ್ಟೂಲಿನ ಮೇಲೆ ಕೂತು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು. ಓದು ಬರದವಳು, ಕ್ಯಾಲೆಂಡರಿನಲ್ಲಿ ಏನು ನೋಡುತ್ತಾಳೋ ಎಂದುಕೊಂಡೆ.

ಮೆಡಿಕಲ್ ಶಾಪಿನವನು ಆ ಹೆಸರಿನ ಕ್ರೀಮನ್ನು ಮೈಸೂರಿನಿಂದ ತರಿಸಬೇಕು ಎಂದ. ಬರುವುದಕ್ಕೆ ಒಂದು ವಾರವಾಯಿತು. ಅದನ್ನು ತೆಗೆದುಕೊಂಡ ದಿನವೇ ನಾನು ಪಕ್ಕದ ಫ್ಯಾನ್ಸಿ ಸ್ಟೋರಿಗೆ ಹೋಗಿ ನನಗಾಗಿ ಒಂದು ಟ್ಯೂಬು ಕೊಂಡೆ. ಅದೇ ಘಮ್ ಅನ್ನುವುದು. ಅಂಗಡಿಯ ಹುಡುಗಿ “ಇದು ಹಚ್ಚಿದ್ರೆ ಬಿಸ್ಲು ನಿಮ್ಮನ್ನ ಮುಟ್ಟಲ್ಲ ಅಕ್ಕ” ಎಂದಳು. ಬಿಸಿಲು ನನ್ನನ್ನು ಹುಟ್ಟುವ ಮೊದಲೇ ಮುಟ್ಟಿ ಮುಗಿಸಿದೆ ಎಂದು ಅವಳಿಗೆ ಹೇಳುವವರು ಯಾರು? ಆಷಾಢ ಕಳೆಯುತ್ತಲೇ ನನಗೆ ಗಂಡು ನೋಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಇದ್ದ ಕಪ್ಪಾದರೂ ಹೆಚ್ಚದಿರಲಿ ಎಂಬುದು ನನ್ನ ಲೆಕ್ಕ.

ಎರಡು ಟ್ಯೂಬುಗಳೂ ಒಂದೇ ಸಂಜೆ ಮನೆಗೆ ಬಂದವು. ಅವ್ವ ಎರಡನ್ನೂ ಅಡಿಗೆಮನೆಯ ದೀಪದ ಕೆಳಗೆ ಇಟ್ಟುಕೊಂಡು ಪರೀಕ್ಷೆ ಮಾಡಿದಳು. ನನ್ನದನ್ನು ಅಂಗೈಗೆ ಹಿಂಡಿ ಉಜ್ಜಿದಳು, ಅದು ಮಾಯವಾಯಿತು. ಅತ್ತೆಯದನ್ನು ಹಿಂಡಿ ಉಜ್ಜಿದಳು. ಅದು ಹೋಗಲಿಲ್ಲ. ಅವ್ವನ ಅಂಗೈ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗೆ ಹೊಳೆಯಿತು. ನಾರು, ಕೆನೆ, ಕಡಲೆಹಿಟ್ಟಿನಿಂದ ಇಪ್ಪತ್ತು ವರ್ಷದಲ್ಲಿ ಆಗದ್ದು ಒಂದು ಕ್ಷಣದಲ್ಲಿ ಆಗಿತ್ತು.

“ಅಲ್ಲ ಕಣಮ್ಮಿ ರತ್ನಿ, ಮೊದ್ಲೇ ಬೆಳ್ಗಾಗಿರೋಳ್ಗೆ ಇನ್ನೂ ಬೆಳ್ಗೆ ಮಾಡೋದ ಬರ್ಕೊಟ್ಟವ್ರಲ್ಲ, ಆ ಡಾಕ್ಟ್ರುಗೆ ತಲೆ ನೆಟ್ಟಗದಾ?” ಎಂದಳು ಅವ್ವ ನನಗೆ. “ಈ ಬಿಳೀದ ಬಳ್ಕಂಡ್ರೆ ತೊನ್ನು ಮೈಯೆಲ್ಲ ಅರಡ್ತದೆ. ನಿಂದ ಅವ್ಳಿಗೆ ಕೊಡು, ಅಚ್ಚುದ್ರೆ ಏನೂ ಕಾಣಾಕಿಲ್ಲ. ಇದ ನೀ ಮಡಿಕ್ಕ. ನಿಂಗ್ ಬೇಕಾಗಿರೋದು ಇದೇಯ.”

ನಗಬೇಡಿ. ಯೋಚಿಸಿ ನೋಡಿದರೆ ಅವ್ವನ ಮಾತು ಎಷ್ಟು ನ್ಯಾಯವಾಗಿ ಕೇಳುತ್ತದೆ! ಬಿಳಿಯಾಗಿರುವವಳಿಗೆ ಬಿಳಿ ಯಾಕೆ? ಇಲ್ಲದವಳಿಗೆ ಕೊಟ್ಟರೆ ಆಯಿತು. ಬೇಳೆ ಕಡಿಮೆಯಿರುವ ಮನೆಗೆ ಬೇಳೆ ಕೊಟ್ಟ ಹಾಗೆ. ಅವ್ವ ಕೆಟ್ಟವಳಲ್ಲ, ನಾದಿನಿಯ ತೊನ್ನು ಹರಡುವುದು ಅವಳಿಗೆ ನಿಜವಾಗಿಯೂ ಬೇಡವಾಗಿತ್ತು. ಒಂದೇ ಏಟಿಗೆ ಇಬ್ಬರಿಗೂ ಉಪಕಾರ ಮಾಡಿದೆನೆಂಬ ತೃಪ್ತಿ ಅವಳ ಮುಖದಲ್ಲಿತ್ತು.

ಆ ಮನೆಯಲ್ಲಿ ಅವಳನ್ನು ತಡೆಯಬಲ್ಲವಳು ನಾನೊಬ್ಬಳೇ. ಡಾಕ್ಟರ ಮಾತು ಕಿವಿಯಲ್ಲಿ ಇನ್ನೂ ಹಾಗೇ ಇತ್ತು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಕನ್ನಡಿಯ ಮುಂದೆ ಹೋಗಿ ಬಿಳಿ ಕ್ರೀಮನ್ನು ಒಂದು ಕೆನ್ನೆಗೆ ಹಚ್ಚಿ ನೋಡಿದೆ. ಒಂದು ಕೆನ್ನೆ ನನ್ನದು, ಇನ್ನೊಂದು ಕೆನ್ನೆ ಯಾರೋ ಅನುಕೂಲಸ್ಥರ ಮನೆಯ ಹುಡುಗಿಯದು. ಆಮೇಲೆ ನಾನು ಏನೂ ಹೇಳಲಿಲ್ಲ. ಅತ್ತೆ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ನಾನು ನನ್ನ ಟ್ಯೂಬನ್ನು ಅವಳ ಕೈಯಲ್ಲಿ ಇಟ್ಟೆ. ಅವಳು ಸುಮ್ಮನೆ ತೆಗೆದುಕೊಂಡಳು.

ಮರುದಿನ ಸಂಜೆ ಹೊಲದಿಂದ ಬಂದವಳು ಬೆರಳಿನ ಚೆಂಡುಹೂವಿನ ಕರೆ ತೊಳೆಯುತ್ತಾ, “ಕಣ್ಣು ವಸಿ ಉರೀತದೆ ಕಣಮ್ಮಿ. ಬೆವರು ಇಳುದ್ರೆ ಕಣ್ಣಿಗೆ ಓಯ್ತದೆ. ಆದ್ರೂ ಗಮಗಮ ಅಂತದೆ ಬುಡು, ಜೇನುಳ ಎಲ್ಲ ಊವ ಬುಟ್ಟು ನನ್ ಇಂದೆ ಬತ್ತವೆ” ಎಂದಳು. ನಾನು ನಕ್ಕೆ. ದಿನ ಕಳೆದಂತೆ ಅವಳ ರೆಪ್ಪೆಗಳು ದಪ್ಪಗಾದವು. ಕೆನ್ನೆಯ ಬಿಳಿ ಜಾಗದಲ್ಲಿ ನೀರುಗುಳ್ಳೆ ಎದ್ದವು. “ಇನ್ನೊಸಿ ಅಚ್ಚು, ಕಮ್ಮಿ ಅಚ್ತಿದ್ದೀಯ” ಎಂದು ಅವ್ವ ಸಲಹೆ ಕೊಟ್ಟಳು. ಅತ್ತೆ ಇನ್ನಷ್ಟು ಹಚ್ಚಿದಳು. ನಾನು ಎದುರಿಗೇ ಕೂತು ಮಕ್ಕಳ ಮನೋವಿಜ್ಞಾನದ ನೋಟ್ಸು ಬರೆಯುತ್ತಿದ್ದೆ.

ಈ ನಡುವೆ ನನ್ನ ಫೋಟೊ ತೆಗೆಸಿದರು. ಗುಂಡ್ಲುಪೇಟೆಯ ಸ್ಟುಡಿಯೋದಲ್ಲಿ ಬಿಳಿ ಕ್ರೀಮು ಬಳಿದುಕೊಂಡು ಕೂತೆ. ಫ್ಲಾಶ್ ಬೆಳಕು ಆ ಸತುವಿಗೆ ಬಡಿದು ಹೇಗೆ ಹಿಂದಿರುಗಿತೆಂದರೆ, ಫೋಟೊದಲ್ಲಿ ಮುಖ ಇರಬೇಕಾದ ಕಡೆ ಹಚ್ಚಹಗಲು ಇತ್ತು. ಎರಡು ಕಣ್ಣು, ಒಂದು ಬೊಟ್ಟು, ಉಳಿದದ್ದು ಬೆಳಕು. ಕೈಗಳು ಮಾತ್ರ ಕಪ್ಪಗೆ ಮಡಿಲಲ್ಲಿ ಬಿದ್ದಿದ್ದವು, ಯಾರೋ ಬೇರೆಯವರ ಕೈ ಎರವಲು ತಂದ ಹಾಗೆ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ದಲ್ಲಾಳಿ ಬುದ್ಧಿವಂತ, ಕೈಗಳ ಮೇಲಿನವರೆಗೆ ಕತ್ತರಿಸಿ ಕೊಂಡೊಯ್ದ. ಗಂಡಿನವರು ಫೋಟೊ ಮೆಚ್ಚಿ ಶ್ರಾವಣದ ಎರಡನೆಯ ಶುಕ್ರವಾರ ಬರುತ್ತೇವೆಂದು ಹೇಳಿ ಕಳಿಸಿದರು.

ಹುಡುಗ ಬಂಡೀಪುರ ಕಾಡಿನ ಮದ್ದೂರು ರೇಂಜಿನಲ್ಲಿ ಫಾರೆಸ್ಟ್ ಗಾರ್ಡು. ಅಲ್ಲಿಯ ಬೇಸಿಗೆಯಲ್ಲಿ ಕಾಡ್ಗಿಚ್ಚು ಹರಡದಂತೆ ಬೆಂಕಿ ಲೈನು ಕಡಿಸುವ ಕೆಲಸ ಮಾಡಿ ಮಾಡಿ ನನಗಿಂತ ಎರಡು ಬಣ್ಣ ಕಪ್ಪಾಗಿದ್ದ. ಅಂಥವನಿಗೆ ಹೆಣ್ಣು ಮಾತ್ರ ಹಾಲಿನಂತಿರಬೇಕು ಎಂದು ಅವನ ತಾಯಿ ದಲ್ಲಾಳಿಗೆ ತಾಕೀತು ಮಾಡಿದ್ದಳು. ಆ ಕಡೆಯ ಯಾರೂ ಅವನ ಮುಖಕ್ಕೆ ಕಡಲೆಹಿಟ್ಟು ಉಜ್ಜಿದಂತೆ ಕಾಣಲಿಲ್ಲ.

ಬೆಳಿಗ್ಗೆ ಅವ್ವ ನನ್ನ ಮುಖಕ್ಕೆ, ಕತ್ತಿಗೆ, ಮೊಣಕೈವರೆಗೆ ಸತುವನ್ನು ಬಳಿದಳು. ಅತ್ತೆಯನ್ನು ಅರಿಸಿನದ ಮೂಟೆ ಇಡುವ ಕೋಣೆಯೊಳಗೆ ಕಳಿಸಿ ಬಾಗಿಲು ಎಳೆದಳು. ಇದು ನಮ್ಮ ಮನೆಯ ರೂಢಿ. ನೆಂಟರು ಬಂದಾಗಲೆಲ್ಲ ಅತ್ತೆ ಮೂಟೆಗಳ ಜೊತೆ ಇರುತ್ತಿದ್ದಳು. ಅವಳೇ ಒಂದು ಚೊಂಬು ನೀರು, ಒಂದು ಟವೆಲ್ಲು ತೆಗೆದುಕೊಂಡು ಒಳಗೆ ಹೋದಳು. ಉರಿಗೆ ಒದ್ದೆ ಬಟ್ಟೆ ಒತ್ತಿಕೊಳ್ಳಬೇಕಿತ್ತು. ಹೋಗುವ ಮುಂಚೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚೆಂದಾಗ್ ಕಾಣ್ತಿ ಕಣಮ್ಮಿ” ಎಂದಳು. ಅವಳ ಎಡಗಣ್ಣು ಅರ್ಧ ಮುಚ್ಚಿಹೋಗಿತ್ತು.

ಗಂಡಿನ ಕಡೆಯವರು ಐದಾರು ಜನ ಬಂದು ನಡುಮನೆಯಲ್ಲಿ ಕೂತರು. ನಾನು ಅಡಿಗೆಮನೆಯಲ್ಲಿ ಸೌದೆ ಒಲೆಯ ಪಕ್ಕ ಒಂದು ಗಂಟೆ ಕಾದೆ. ರೇಷ್ಮೆ ಸೀರೆ, ಒಲೆಯ ಕಾವು ಎರಡೂ ಸೇರಿ ಬೆವರು ಧಾರೆಯಾಗಿ ಇಳಿಯಿತು. ಸೆರಗಿನಿಂದ ಮೇಲ್ದುಟಿ ಒರೆಸಿಕೊಂಡೆ, ಹಣೆ ಒರೆಸಿಕೊಂಡೆ. ಅಡಿಗೆಮನೆಯಲ್ಲಿ ಕನ್ನಡಿ ಇರಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದಾಗ ಹುಡುಗನ ತಾಯಿ ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ತಟ್ಟೆ ಮುಟ್ಟದೆ ಅವ್ವನ ಕಡೆ ತಿರುಗಿದಳು.

“ಉಡ್ಗಿ ಮೊಕದ ಮ್ಯಾಲೆ ಏನವ್ವ ಅದು?”

“ಏನೂ ಇಲ್ವಲ್ಲಕ್ಕ” ಎಂದಳು ಅವ್ವ. ಆಮೇಲೆ ನನ್ನ ಮುಖ ನೋಡಿದಳು.

“ಇಲ್ಲ ಅಂದ್ರೆ? ಕೆನ್ನೆ ಮ್ಯಾಲೊಂದು ಬಿಳಿ, ಗಲ್ಲದ ಮ್ಯಾಲೊಂದು ಬಿಳಿ, ಕತ್ತಲ್ಲಂತೂ ಪಟ್ಟೆ ಪಟ್ಟೆ. ನಿಮ್ಮನೇಲಿ ಯಾರ್ಗೋ ತೊನ್ನದೆ ಅಂತ ನಮ್ ಕಿವಿಗೂ ಬಿದ್ದಿತ್ತು. ಸುಳ್ಳು ಅಂತ ದಲ್ಲಾಳಿ ಆಣೆ ಮಾಡ್ದ. ಈಗ ನೋಡುದ್ರೆ ಉಡ್ಗೀಗೇ ಸುರುವಾಗದೆ.”

ಅವ್ವ ಏನು ಹೇಳಬೇಕು? ಕ್ರೀಮು ಎಂದರೆ ಬಣ್ಣ ಬಳಿದು ಹೆಣ್ಣು ತೋರಿಸಿದ ಹಾಗೆ. ಸುಮ್ಮನಿದ್ದರೆ ತೊನ್ನು ಎಂದು ಒಪ್ಪಿಕೊಂಡ ಹಾಗೆ. ಅಪ್ಪ ಟವೆಲ್ಲಿನ ಅಂಚು ತಿರುವುತ್ತಿದ್ದ. ದಲ್ಲಾಳಿ ಉಪ್ಪಿಟ್ಟಿನಲ್ಲಿ ಸಾಸಿವೆ ಹುಡುಕತೊಡಗಿದ. ನಾನು ಬಾಯಿ ತೆರೆದರೆ ಅತ್ತುಬಿಡುತ್ತಿದ್ದೆ. ಮುಂದೆ ಯಾವ ಊರಿನವರೂ ನಮ್ಮ ಬಾಗಿಲು ತುಳಿಯುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ತೊನ್ನಿನ ಸುದ್ದಿ ಬಸ್ಸಿಗಿಂತ ಮೊದಲು ಹೋಗುತ್ತದೆ.

ಆಗ ಅರಿಸಿನದ ಕೋಣೆಯ ಬಾಗಿಲು ತೆರೆಯಿತು. ದೇವೀರತ್ತೆ ಸೆರಗು ಹೊದೆಯದೆ, ಮುಖ ಮುಚ್ಚಿಕೊಳ್ಳದೆ, ಒದ್ದೆ ಟವೆಲ್ಲು ಹಿಡಿದು ನಡುಮನೆಯ ಬೆಳಕಿಗೆ ಬಂದಳು. ಒಡೆದ ಗುಳ್ಳೆ, ಕೆಂಪು ಕೆನ್ನೆ, ಊದಿದ ರೆಪ್ಪೆ. ಹುಡುಗನ ತಾಯಿ ಕೂತಲ್ಲೇ ಹಿಂದಕ್ಕೆ ಸರಿದಳು. ಅತ್ತೆ ನನ್ನ ಗಲ್ಲ ಹಿಡಿದು ಮುಖ ಎತ್ತಿ, ಹಣೆಯಿಂದ ಕತ್ತಿನವರೆಗೆ ಒಂದೇ ಸಮನೆ ಒರೆಸಿದಳು. ಬಿಳಿ ಹತ್ತಿದ ಟವೆಲ್ಲನ್ನು ಅವರೆಲ್ಲರ ಮುಂದೆ ಹಿಡಿದಳು.

“ನೋಡ್ಕಳ್ರವ್ವ. ತೊನ್ನು ನಂಗಿರೋದು. ಇದ ಎಂಗ್ ಒರ್ಸುದ್ರೂ ಓಗಾಕಿಲ್ಲ. ನಮ್ ಉಡ್ಗೀದು ಬರೀ ಕ್ರೀಮು. ಓಯ್ತಲ್ಲ? ಇನ್ನೊಂದ್ಸಲ ನೋಡ್ಬೇಕಾದ್ರೆ ಅತ್ರ ಬಂದು ನೋಡಿ.”

ಯಾರೂ ಹತ್ತಿರ ಬರಲಿಲ್ಲ. ಕೈಯಲ್ಲಿ ಕೋವಿ ಹಿಡಿದು ಆನೆ ಓಡಿಸುವ ಹುಡುಗ ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ. ಅವನ ತಾಯಿ ಎದ್ದು ಸೆರಗು ಸರಿಮಾಡಿಕೊಂಡು, “ಅಂಗಾದ್ರೆ ಮನೇಲಿರೋದು ದಿಟ” ಎಂದಳು. ಅವರು ಹೊರಟರು. ಉಪ್ಪಿಟ್ಟು ಹಾಗೇ ಉಳಿಯಿತು. ಉತ್ತರ ಹೇಳಿ ಕಳಿಸುತ್ತೇವೆ ಎಂಬ ಸುಳ್ಳನ್ನಾದರೂ ಹೇಳುವ ಸೌಜನ್ಯ ಅವರಿಗೆ ಇರಲಿಲ್ಲ. ಆ ಹುಡುಗನಿಗೆ ಆಮೇಲೆ ಹಾಲಿನಂಥ ಹೆಣ್ಣು ಸಿಕ್ಕಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ನನಗೆ ಮೂರು ವರ್ಷದ ನಂತರ ನನ್ನಷ್ಟೇ ಕಪ್ಪಗಿನ ಗಂಡ ಸಿಕ್ಕಿದ. ನಮ್ಮ ಮದುವೆಯ ಫೋಟೊದಲ್ಲಿ ಇಬ್ಬರೂ ಸರಿಯಾಗಿ ಕಾಣುವುದಿಲ್ಲ, ಅದು ಬೇರೆ ಮಾತು.

ಗಂಡಿನವರು ಓಣಿ ದಾಟುವ ಮೊದಲೇ ಅವ್ವ ಅತ್ತೆಯ ಮೇಲೆ ಬಿದ್ದಳು. “ನೀನ್ಯಾಕ್ ಈಚೆ ಬಂದೆ ದೇವೀರಿ? ಒಳ್ಗೇ ಬಿದ್ದಿದ್ರೆ ನಾನೇನೋ ಒಂದ್ ಏಳಿ ಒಪ್ಸುತ್ತಿದ್ದೆ. ಇದ್ದೊಂದು ಮುಚ್ಚುಮರೆ ನಿನ್ ಕೈಯಾರ ಕಿತ್ತಾಕ್ಬುಟ್ಟೆ!” ಅತ್ತೆ “ಆಯ್ತು ಬುಡತ್ತಿಗೆ, ತಪ್ಪಾಯ್ತು” ಎಂದು ಟವೆಲ್ಲು ಹಿಂಡಿ ಒಣಗಲು ಹಾಕಿದಳು. ಅಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ. ತಪ್ಪು ಯಾರದೆಂದು ಗೊತ್ತಿದ್ದವಳು ನಾನು. ಆಗಲೂ ಹೇಳಲಿಲ್ಲ.

ಹತ್ತು ದಿನ ಅತ್ತೆ ಹೊಲಕ್ಕೆ ಇಳಿಯಲಿಲ್ಲ. ಮಜ್ಜಿಗೆ, ಎಳನೀರು, ಒದ್ದೆ ಬಟ್ಟೆ. ಘಮ್ ಅನ್ನುವ ಟ್ಯೂಬನ್ನು ನಾನು ಯಾರಿಗೂ ಹೇಳದೆ ಹಿತ್ತಲಿನ ತಿಪ್ಪೆಗೆ ಎಸೆದೆ. ಗುಳ್ಳೆ ಬಾಡಿ, ಹೊಸ ಚರ್ಮ ಎಳೆ ಗುಲಾಬಿ ಬಣ್ಣಕ್ಕೆ ಬಂತು. ಆ ಹತ್ತು ದಿನವೂ ನಾನು ಮನಸ್ಸಿನಲ್ಲಿ ಒಂದು ಭಾಷಣ ಕಟ್ಟುತ್ತಿದ್ದೆ. ಬಿಳಿ ಕ್ರೀಮನ್ನು ಅವಳಿಗೆ ವಾಪಸ್ಸು ಕೊಡುವಾಗ ಏನು ಹೇಳಬೇಕು? ಡಾಕ್ಟರನ್ನು ಮತ್ತೆ ಕೇಳಿದೆ, ಇದನ್ನೇ ಹಚ್ಚಬೇಕಂತೆ ಎನ್ನುವುದೆಂದು ತೀರ್ಮಾನಿಸಿದೆ. ಓದು ಬರದವಳಿಗೆ ಅಷ್ಟು ಸಾಕು. ಟಿ.ಸಿ.ಎಚ್. ಓದಿದವಳ ಬುದ್ಧಿ ಇದು. ಇಂಥ ನನ್ನ ಕೈಗೆ ಸರ್ಕಾರ ಆಮೇಲೆ ಮಕ್ಕಳನ್ನು ಒಪ್ಪಿಸಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತೆ ಅಪ್ಪನ ಅಂಗಿ ತೊಟ್ಟು, ಟವೆಲ್ಲು ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಅವ್ವ ಹಿತ್ತಲಿನಲ್ಲಿದ್ದಳು. ನಾನು ಟ್ಯೂಬು ತಂದು ಅವಳ ಮುಂದೆ ಕೂತೆ. ಅರ್ಧಕ್ಕಿಂತ ಹೆಚ್ಚು ನಾನೇ ಮುಗಿಸಿದ್ದೆ. ಉಳಿದದ್ದನ್ನು ಬೆರಳಿಗೆ ತೆಗೆದುಕೊಂಡು ಅವಳ ಕೆನ್ನೆಗೆ ಹಚ್ಚತೊಡಗಿದೆ. ಆ ಮುಖವನ್ನು ನಾನು ಮುಟ್ಟಿದ್ದು ಅದೇ ಮೊದಲು. ಅವಳು ಡಾಕ್ಟರ ಮುಂದೆ ಮಾಡಿದ ಹಾಗೆಯೇ ಕಣ್ಣು ಮುಚ್ಚಿಕೊಂಡಳು.

“ಅತ್ತೆ, ಮೊನ್ನೆ ಡಾಕ್ಟ್ರನ್ನ ಇನ್ನೊಂದ್ಸಲ ಕೇಳ್ದೆ” ಎಂದು ಶುರುಮಾಡಿದೆ. “ನಿಂಗೆ ಇದೇ ಆಗೋದಂತೆ. ದಪ್ಪಗೆ ಹಚ್ಬೇಕಂತೆ. ಆ ಗಮ್ ಅನ್ನೋದು...”

“ಬೆಂದಿರೋದ ಇನ್ನೂ ಬೇಯಿಸ್ತದಂತೆ” ಎಂದಳು ಅತ್ತೆ, ಕಣ್ಣು ತೆರೆಯದೆ. “ಡಾಕ್ಟ್ರು ಏಳ್ದಾಗ ನಾನೂ ಅಲ್ಲೇ ಕುಂತಿದ್ನಲ್ಲಮ್ಮಿ. ಓದು ಬರಾಕಿಲ್ಲ, ಕಿವಿ ಕೇಳ್ತದೆ.”

ನನ್ನ ಬೆರಳು ಅವಳ ಕೆನ್ನೆಯ ಮೇಲೆ ನಿಂತಿತು.

“ಮತ್ಯಾಕತ್ತೆ ಸುಮ್ನಿದ್ದೆ? ಅವತ್ತೇ ಅವ್ವಂಗೆ ಹೇಳ್ಬಾರ್ದಿತ್ತಾ?”

“ನಾ ಏಳುದ್ರೆ ಅತ್ತಿಗೆ ಕೇಳಾಳಾ? ನೀ ಓದ್ದೋಳು” ಎಂದಳು. “ನೀ ಏಳ್ತೀಯ ಅಂತ ಕಾದೆ. ದಿನಾ ಅಚ್ಕಬೇಕಾದ್ರೆ ಇವತ್ ಏಳ್ತಾಳೆ, ಇವತ್ ಏಳ್ತಾಳೆ ಅಂತ ನಿನ್ ಮೊಕನೇ ನೋಡ್ತಿದ್ದೆ.”